ಮೂರು ಚುಕ್ಕಿಯ ಒಳಗೆ

ಕಾಸರಗೋಡಿನ ಕನ್ನಡಿಗರು ಎಲ್ಲಿದ್ದಾರೆ ಅಂತ ಯಾರಾದರೂ ಕೇಳಿದರೆ, ಈಗ ನನ್ನ ಹತ್ತಿರ ಸರಿಯಾದ ವಿಳಾಸ ಇದೆ. ಐದನೇ ಸಾಲಿನ ಕೆಳಗೆ, ಮೂರು ಚುಕ್ಕಿಯ ಒಳಗೆ.

ಒಂದು ಕಚೇರಿಗೆ ಹೋಗಿದ್ದೆ. ನೋಟೀಸು ಕನ್ನಡದಲ್ಲೂ ಬರಲಿ ಅಂತ ಕೇಳುವುದಕ್ಕೆ. ಸಾಹೇಬರು ಕಂಪ್ಯೂಟರಿನ ಹುಡುಗನನ್ನು ಕರೆದು, ಅರ್ಜಿ ಹಾಕಿದವರ ಪಟ್ಟಿ ತೋರಿಸು ಅಂದರು. ಒಟ್ಟು 61 ಜನ. ಎಲ್ಲರೂ ಅವರವರ ಲಿಪಿಯಲ್ಲಿ ಹೆಸರು ಬರೆದವರು. ಹುಡುಗ ಜುಪಿಟರ್ ನೋಟ್‌ಬುಕ್ ತೆರೆದ, ಕೋಡ್ ಬರೆದು ಅಲ್ಲೇ ಉತ್ತರ ನೋಡುವ ಪುಟ ಅದು. ಪಟ್ಟಿ ಇದ್ದದ್ದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನಲ್ಲಿ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ನಡುವೆ ಡೇಟಾಬೇಸನ್ನು ಕೇಳುವ ಎಸ್‌ಕ್ಯೂಎಲ್ ಸಾಲೊಂದನ್ನು ಕೂರಿಸಿ, ಹೆಸರಿನ ಕ್ರಮದಲ್ಲಿ ತರಿಸಿದ.

ಮೇಲೆ ಐದು ಇಂಗ್ಲಿಷ್ ಹೆಸರು. ಕೆಳಗೆ ಐದು ಮಲಯಾಳ ಹೆಸರು. ನಡುವೆ ಮೂರು ಚುಕ್ಕಿ.

"ನೋಡಿ ಮಾಷ್ಟ್ರೇ, ಕನ್ನಡದವರು ಒಬ್ಬರೂ ಇಲ್ಲ" ಅಂದರು ಸಾಹೇಬರು.

ತಪ್ಪು ಅವರದ್ದಲ್ಲ ಬಿಡಿ. ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರು. ಇಂಗ್ಲಿಷಿನದ್ದು ಮೊದಲೇ ಬರುತ್ತದೆ. ಕನ್ನಡದ ಬೆನ್ನಿಗೇ ಮಲಯಾಳ, ಅಲ್ಲೂ ನಾವು ನೆರೆಕರೆಯವರೇ! ಎಸ್‌ಕ್ಯೂಲೈಟ್ ಸುಮ್ನೆ ಆ ನಂಬರು ನೋಡಿ ಸಾಲು ನಿಲ್ಲಿಸುತ್ತದೆ. ತೋರಿಸುವ ಯಜಮಾನ ಮಾತ್ರ ಬೇರೆ, ಪಾಂಡಾಸ್ ಅಂತ ಪೈಥಾನಿನ ಒಂದು ಸಲಕರಣೆ. ಅದರ ಲೆಕ್ಕ ಇನ್ನೂ ಚಂದ. 60 ಸಾಲಿದ್ದರೆ ಅಷ್ಟೂ ಕಾಣುತ್ತದೆ. 61ನೆಯವನು ಕಾಲಿಟ್ಟ ಕೂಡಲೇ ಮೇಲಿನ ಐದು, ಕೆಳಗಿನ ಐದು ಬಿಟ್ಟು 51 ಸಾಲು ಮಾಯ. ಅಡಿಯಲ್ಲಿ ಮಾತ್ರ ಪ್ರಾಮಾಣಿಕವಾಗಿ "61 ಸಾಲು" ಅಂತ ಬರೆದಿರುತ್ತದೆ. ಲೆಕ್ಕಕ್ಕೆ ಇದ್ದೇವೆ, ಕಣ್ಣಿಗೆ ಇಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇದೇ ಅಭ್ಯಾಸ ಆದ ನನಗೆ ಆಶ್ಚರ್ಯ ಏನೂ ಆಗಲಿಲ್ಲ.

ಹುಡುಗ ಪಾಪ, ಒಳ್ಳೆಯವನು. "ಸಾರ್, ಮಿತಿ ತೆಗೆಯಲಿಕ್ಕೆ ಒಂದೇ ಸಾಲು ಸಾಕು. ಮ್ಯಾಕ್ಸ್ ರೋಸ್ ಅಂತ ಇದೆ, ಹೆಚ್ಚೆಂದರೆ ಎಷ್ಟು ಸಾಲು ಅಂತ. ಅದಕ್ಕೆ 'ನನ್', ಅಂದರೆ ಮಿತಿಯೇ ಇಲ್ಲ, ಅಂತ ಕೊಟ್ಟರೆ ಆಯ್ತು" ಅಂದ.

ಸಾಹೇಬರು ಗಾಬರಿಯಾದರು. ಸೆಟ್ಟಿಂಗು ಬದಲಿಸುವುದೆಂದರೆ ಮೇಲಿನವರ ಅನುಮತಿ ಬೇಡವೇ? ಫೈಲು ತಿರುವನಂತಪುರಕ್ಕೆ ಹೋಗಿ ಬರಬೇಡವೇ? ಸ್ವಲ್ಪ ಯೋಚಿಸಿ ಅವರೇ ದಾರಿ ಹೇಳಿದರು. "ನಿಮ್ಮವರಲ್ಲೇ ಒಬ್ಬರು ಅರ್ಜಿ ಹಿಂದಕ್ಕೆ ತಗೊಳ್ಳಿ ಮಾರಾಯ್ರೇ. 60 ಆಗ್ತದೆ. ಉಳಿದವರೆಲ್ಲ ಕಾಣ್ತಾರೆ."

ಊರಿಗೆ ಒಳ್ಳೆಯದಾಗುವುದಾದರೆ ನಾನೇ ಆಗಲಿ ಅಂತ ಒಪ್ಪಿದೆ. ಗುಮಾಸ್ತರು ಅರ್ಜಿ ಹಿಂದಕ್ಕೆ ಪಡೆಯುವ ಫಾರಂ ಕೊಟ್ಟರು.

ಅದು ಮಲಯಾಳದಲ್ಲಿ ಮಾತ್ರ ಇತ್ತು.