ನಮ್ಮ ರಣಹದ್ದುಗಳಿಂದ ದನಕರುಗಳಿಗೆ ಅಪಾಯ ಇದೆಯಾ?

ಅಮೆರಿಕದ ಕಪ್ಪು ರಣಹದ್ದುಗಳು ಗುಂಪಾಗಿ ಬಂದು ಆಗಷ್ಟೇ ಹುಟ್ಟಿದ ಕರುವಿನ ಕಣ್ಣು, ನಾಲಿಗೆ ಕುಕ್ಕಿ ಕೊಲ್ಲುವುದುಂಟು. ಇದು ಕಟ್ಟುಕಥೆಯೇನೂ ಅಲ್ಲ, ಅಲ್ಲಿನ ರೈತರ ಸಂಕಟ ನಿಜ. ಆದರೆ ಅದನ್ನು ಕೇಳಿದವರು ನಮ್ಮ ರಣಹದ್ದುಗಳ ಮೇಲೂ ಅನುಮಾನ ಪಟ್ಟರೆ ನನಗೆ ತುಂಬಾ ಬೇಸರವಾಗುತ್ತದೆ. ಆ ಹಕ್ಕಿಯ ವಂಶವೇ ಬೇರೆ. ನಮ್ಮವು ಗಿಡುಗ, ಗರುಡಗಳ ಕುಟುಂಬಕ್ಕೆ ಸೇರಿದವು.

ಹಾಗಂತ ಗರುಡದ ಹಾಗೆ ಬೇಟೆಯಾಡುತ್ತವಾ? ಇಲ್ಲ. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದನ್ನೇ ತಗೊಳ್ಳಿ. ಅದರ ಕಾಲಿನ ಉಗುರು ಮೊಂಡು, ಹಿಡಿತ ಸಡಿಲ. ಆ ಕಾಲು ಇರುವುದು ನೆಲದ ಮೇಲೆ ನಡೆಯಲಿಕ್ಕೆ, ಹೆಣದ ಮೇಲೆ ಊರಿ ನಿಲ್ಲಲಿಕ್ಕೆ. ಕೋಳಿಮರಿಯನ್ನು ಎತ್ತಿಕೊಂಡು ಹಾರುವುದೂ ಅದರಿಂದ ಆಗದ ಕೆಲಸ. ಬಿಳಿ ರಣಹದ್ದು ಮೊಟ್ಟೆ, ಹುಳುಹುಪ್ಪಟೆ ತಿನ್ನುತ್ತದೆ, ನಿಜ. ಆದರೆ ಅದು ಗಾತ್ರದಲ್ಲಿ ಚಿಕ್ಕ ಹಕ್ಕಿ. ಕುರಿ, ಕರುಗಳ ತಂಟೆಗೆ ಬರುವಂಥದ್ದಲ್ಲ.

ಇಂಥ ಭಯಕ್ಕೆ ಯುರೋಪಿನಲ್ಲಿ ಒಂದು ಜಾತಿಯೇ ಬಲಿಯಾಗಿತ್ತು. ಮೂಳೆ ತಿಂದು ಬದುಕುವ ಗಡ್ಡದ ರಣಹದ್ದು ಕುರಿಮರಿ ಹೊತ್ತೊಯ್ಯುತ್ತದೆ ಎಂದು ನಂಬಿದ ಜನ ಆಲ್ಪ್ಸ್ ಪರ್ವತಗಳಲ್ಲಿ ಅದನ್ನು ಕೊಂದು ಮುಗಿಸಿದರು. 1986ರಲ್ಲಿ ಮರಿಗಳನ್ನು ತಂದು ಬಿಟ್ಟು ಮತ್ತೆ ಶುರು ಮಾಡಬೇಕಾಯಿತು.

ನಮ್ಮಲ್ಲಿ ಯಾರೂ ಕೋವಿ ಹಿಡಿದು ಹೊರಡಲಿಲ್ಲ. ಹಸುವಿನ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಸಾಕಾಯಿತು. ಆ ಔಷಧಿ ಮೈಯಲ್ಲಿರುವಾಗಲೇ ದನ ಸತ್ತರೆ, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ. ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ. ದೇಶದಲ್ಲಿ ಬಿಳಿ ಬೆನ್ನಿನ ರಣಹದ್ದುಗಳು ನೂರಕ್ಕೆ 99ಕ್ಕಿಂತ ಜಾಸ್ತಿ ಅಳಿದುಹೋದವು. 2004ರಲ್ಲಿ ಕಾರಣ ಬಯಲಾಯಿತು. 2006ರಲ್ಲಿ ಜಾನುವಾರುಗಳಿಗೆ ಆ ಔಷಧಿ ಕೊಡುವುದನ್ನು ಸರ್ಕಾರ ನಿಷೇಧಿಸಿತು. ಆದರೂ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರುತ್ತಲೇ ಇದ್ದವು. ಅದನ್ನು ತಡೆಯಲು 2015ರಲ್ಲಿ ಇಂಜೆಕ್ಷನ್ ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಬೇಕಾಯಿತು. ರಣಹದ್ದಿಗೆ ಅಪಾಯ ತರುವ ಬೇರೆ ನೋವಿನ ಔಷಧಿಗಳಾದ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಅನ್ನು ಜಾನುವಾರುಗಳಿಗೆ ಕೊಡುವುದರ ಮೇಲೆ ನಿಷೇಧ ಬರುವ ಹೊತ್ತಿಗೆ 2023 ಆಗಿತ್ತು. ಎಷ್ಟು ತಡ!

ಈಗ ಯಾರಿಂದ ಯಾರಿಗೆ ಅಪಾಯ, ನೀವೇ ಹೇಳಿ. ರಣಹದ್ದು ಕೊಳೆತದ್ದನ್ನು ತಿಂದು ಅರಗಿಸಿಕೊಳ್ಳುತ್ತದೆ, ಅದರ ಹೊಟ್ಟೆಯ ಆಮ್ಲ ಅಷ್ಟು ತೀಕ್ಷ್ಣ. ಅದು ಇಲ್ಲವಾದ ಕಡೆ ಸತ್ತ ದನ ಬೀದಿನಾಯಿಗಳ ಪಾಲಾಗುತ್ತದೆ. ಆ ನಾಯಿಗಳ ಹಿಂಡು ಕುರಿಗಳ ಮೇಲೆ ಬಿದ್ದದ್ದನ್ನು ಯಾವ ಕುರಿಗಾಹಿಯನ್ನು ಕೇಳಿದರೂ ಹೇಳುತ್ತಾರೆ.

ದನ ಸಾಕಿದವರಲ್ಲಿ ನನ್ನದೊಂದು ಕೋರಿಕೆ. ನೋವಿಗೆ ಇಂಜೆಕ್ಷನ್ ಹಾಕಿಸುವಾಗ ಮೆಲಾಕ್ಸಿಕಾಮ್ ಕೊಡಬಹುದಾ ಎಂದು ಡಾಕ್ಟರನ್ನು ಕೇಳಿ. ಅದು ರಣಹದ್ದಿಗೆ ತೊಂದರೆ ಮಾಡುವುದಿಲ್ಲ. ಚಿರತೆ ಹಸುವನ್ನು ಕೊಂದಾಗ ಸಿಟ್ಟು ಬರುವುದು ಸಹಜ, ಆದರೆ ದಯವಿಟ್ಟು ಆ ಹೆಣಕ್ಕೆ ವಿಷ ಸವರಬೇಡಿ, ಅದನ್ನು ತಿಂದ ರಣಹದ್ದುಗಳೂ ಸಾಯುತ್ತವೆ.