ದಶಾಂಶ ಒಂದರ ಮೇಲೆ ಹೂಕುಂಡ

"ಬೇಸ್ ಹೇಗಿದೆ ನೋಡು, ಎದೆಗೇ ಬಡಿಯುತ್ತೆ" ಎಂದು ಭಾವಮೈದುನನಿಗೆ ಹೇಳಿದೆ. ಅವನು ತಲೆ ವಾಲಿಸಿ, ಕಣ್ಣು ಮುಚ್ಚಿ ಕೇಳಿ, "ಹೌದು ಭಾವ, ಸೂಪರ್" ಎಂದ. ಟಿವಿಗೆ ಜೋಡಿಸುವ ಉದ್ದನೆ ಸ್ಪೀಕರ್ ಪಟ್ಟಿ, ಅಂದ್ರೆ ಹೊಸ ಸೌಂಡ್‌ಬಾರ್ ತಂದು ಆಗ ಹನ್ನೊಂದು ದಿನ ಆಗಿತ್ತು. ಆ ಹನ್ನೊಂದು ದಿನವೂ ಅದು ಕಮಕ್ ಕಿಮಕ್ ಅಂದಿರಲಿಲ್ಲ. ನಾವು ಕೇಳುತ್ತಿದ್ದುದು ಟಿವಿಯ ಹೊಟ್ಟೆಯೊಳಗಿನ ಹಳೇ ಸ್ಪೀಕರನ್ನೇ.

ಎಲ್ಲಾ ಶುರುವಾದದ್ದು ಡಬ್ಬದ ಮೇಲಿನ ಒಂದು ಅಂಕಿಯಿಂದ. 2.1 ಎಂದು ಬರೆದಿತ್ತು. ಎರಡು ಅಂದ್ರೆ ಸರಿ, ಆ ಉದ್ದನೆ ಪಟ್ಟಿಯೊಳಗೆ ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಇರಬೇಕು. ದಶಾಂಶ ಒಂದು ಅಂದ್ರೆ ತೀರಾ ಚಿಕ್ಕದೇನೋ, ಬಹುಶಃ ರಿಮೋಟ್ ಅಂದುಕೊಂಡೆ. ಜೊತೆಗೆ ಒಂದು ದೊಡ್ಡ ಕಪ್ಪು ಪೆಟ್ಟಿಗೆಯೂ ಬಂದಿತ್ತು. ಅದಕ್ಕೆ ಬೇರೆ ಪ್ಲಗ್. ಹಾಕಿದರೆ ಒಂದು ಪುಟ್ಟ ದೀಪ ಮಿಣಮಿಣ ಅಂತು. ಸ್ಟೆಬಿಲೈಜರ್ ಇರಬೇಕು ಎಂದು ಮೂಲೆಗೆ ಸರಿಸಿದೆ. ಹೆಂಡತಿಗೆ ಎತ್ತರ ಸರಿಹೋಯಿತು. ಅದರ ಮೇಲೆ ಹೂಕುಂಡ ಇಟ್ಟಳು.

ಆ ಪೆಟ್ಟಿಗೆಯೇ ದಶಾಂಶ ಒಂದು. ಹೆಸರು ಸಬ್‌ವೂಫರ್. ಮನುಷ್ಯನ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸುತ್ತೆ. ಈ ಪೆಟ್ಟಿಗೆಗೆ ಬರುವುದು ತಳದ ಸುಮಾರು 120 ಹರ್ಟ್ಸ್‌ವರೆಗಿನ ಬೇಸ್, ಅಂದ್ರೆ ಗುಡುಗು, ಗುಂಡು, ನಗಾರಿಗಳಷ್ಟೇ. ಕೆಲಸ ಅಷ್ಟು ಕಮ್ಮಿ ಅಂತ ಅದನ್ನು ಪೂರ್ತಿ ಒಂದು ಚಾನೆಲ್, ಅಂದ್ರೆ ಸದ್ದಿನ ಒಂದು ದಾರಿ, ಎಂದು ಎಣಿಸುವುದಿಲ್ಲ. ಇರುವವರಲ್ಲೆಲ್ಲ ದೊಡ್ಡ ದೇಹ, ಲೆಕ್ಕಕ್ಕೆ ಮಾತ್ರ ಹತ್ತರಲ್ಲೊಂದು ಪಾಲು. ಮನೆಯಲ್ಲಿ ನನ್ನ ಸ್ಥಾನವೂ ಅದೇ ಆದ್ದರಿಂದ, ವಿಷಯ ತಿಳಿದ ಮೇಲೆ ಅದರ ಬಗ್ಗೆ ಸ್ವಲ್ಪ ಮಮತೆ ಬಂತು.

ಅಂಕಿಗಳು ನನಗೆ ಕೈಕೊಟ್ಟಿದ್ದು ಇದೇ ಮೊದಲಲ್ಲ. ಟಿವಿ 55 ಇಂಚು ಎಂದರೆ ಅಗಲ 55 ಎಂದುಕೊಂಡು, ಟಿವಿ ಬರುವ ಮೊದಲೇ ಗೋಡೆಗೆ ಮೊಳೆ ಹೊಡೆದಿದ್ದೆ. ಅಳೆಯುವುದು ಮೂಲೆಯಿಂದ ಮೂಲೆಗಂತೆ. ಅಗಲ 48 ಇಂಚಿನ ಹತ್ತಿರ. ಉಳಿದ ಮೊಳೆಗೆ ಈಗ ಕ್ಯಾಲೆಂಡರ್ ನೇತಾಡುತ್ತಿದೆ. ಇನ್ನು ಪರದೆ ಎಷ್ಟು ನವಿರು ಎಂದು ಹೇಳುವ 4ಕೆ, ಅಂದ್ರೆ ನಾಲ್ಕು ಸಾವಿರ. ಹಳೇ ಟಿವಿಯ 1080 ಅನ್ನುವುದು ಮೇಲಿಂದ ಕೆಳಕ್ಕೆ ಎಣಿಸಿದ ಗೆರೆ. 4ಕೆ ಬಂದಾಗ ಅಡ್ಡಕ್ಕೆ ಚುಕ್ಕಿ ಎಣಿಸತೊಡಗಿದರು, ಅದೂ ಪೂರ್ತಿ ನಾಲ್ಕು ಸಾವಿರವಲ್ಲ, 3840. ಹಳೇ ಲೆಕ್ಕದಲ್ಲೇ ಎಣಿಸಿದ್ದರೆ 2160 ಆಗುತ್ತಿತ್ತು. ಯಾರು ಕೊಳ್ಳುತ್ತಾರೆ ಹೇಳಿ!

ಅದೇ ಟಿವಿಯಲ್ಲಿ ಮೊದಲ ಸಿನಿಮಾ ನೋಡಿದಾಗ ಎಲ್ಲಾ ಧಾರಾವಾಹಿ ಥರ ಕಂಡಿತು. ಹೀರೋ ಎಣ್ಣೆ ಸವರಿದಂತೆ ಜಾರಿಕೊಂಡು ಓಡುತ್ತಿದ್ದ. ನಿರ್ದೇಶಕನಿಗೆ ಚೆನ್ನಾಗಿ ಬೈದೆ. ಪಾಪ, ಅವನದೇನೂ ತಪ್ಪಿಲ್ಲ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಇರುತ್ತವೆ. ನಮ್ಮ ಟಿವಿ 60 ಬಾರಿ ತೋರಿಸುತ್ತೆ. ನಡುವೆ ಖಾಲಿ ಬಿಡೋದು ಯಾಕೆ ಅಂತ, ಇಲ್ಲದ ಚಿತ್ರಗಳನ್ನು ತಾನೇ ಊಹಿಸಿ ತುಂಬಿಸುತ್ತಿತ್ತು. ಮೋಷನ್ ಸ್ಮೂದಿಂಗ್ ಎಂಬ ಈ ಅಧಿಕಪ್ರಸಂಗವನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ನನಗೆ ಗೊತ್ತಾಗಲು ಎಂಟು ತಿಂಗಳು ಬೇಕಾಯಿತು.

ಸೌಂಡ್‌ಬಾರಿನ ಗುಟ್ಟು ಬಯಲಾದದ್ದು ಮಗಳು ರಜೆಗೆ ಬಂದಾಗ.

"ಅಪ್ಪಾ, ಇದರ ವೈರ್ ಎಲ್ಲಿಗೆ ಹಾಕಿದ್ದೀಯಾ?"

"ಎಚ್‌ಡಿಎಂಐಗೆ."

"ಯಾವ ಎಚ್‌ಡಿಎಂಐಗೆ?"

ಈ ಪ್ರಶ್ನೆ ಬರುತ್ತೆ ಅಂತ ನನಗೇನು ಗೊತ್ತು? ಚಿತ್ರ, ಸದ್ದು ಎರಡನ್ನೂ ಒಯ್ಯುವ ಎಚ್‌ಡಿಎಂಐ ವೈರಿಗೆ ಟಿವಿ ಹಿಂದೆ ಮೂರು ತೂತುಗಳಿವೆ, ಮೂರೂ ಒಂದೇ ಆಕಾರ. ಎರಡರಲ್ಲಿ ಸದ್ದು ಟಿವಿಯೊಳಗೆ ಬರುತ್ತದೆಯೇ ಹೊರತು ಹೊರಗೆ ಹೋಗುವುದಿಲ್ಲ. ಮೂರನೆಯದರ ಪಕ್ಕ, ಇರುವೆ ಓದುವಷ್ಟು ಸಣ್ಣಕ್ಷರದಲ್ಲಿ ಎಆರ್‌ಸಿ ಎಂದಿತ್ತು. ಆಡಿಯೋ ರಿಟರ್ನ್ ಚಾನೆಲ್. ಬಂದ ಸದ್ದು ವಾಪಸ್ ಹೋಗುವ ದಾರಿ. 2009ರಿಂದಲೇ ಇದೆಯಂತೆ. ನಾನು ಎಂಟ್ರಿ ಮಾತ್ರ ಇರುವ ಬಾಗಿಲಿಗೆ ವೈರ್ ಹಾಕಿ, ಸದ್ದು ಹೊರಗೆ ಬರಲಿ ಅಂತ ಕೂತಿದ್ದೆ. ಸೌಂಡ್‌ಬಾರ್ ತಾನಾಗಿ ನಿದ್ದೆಗೆ ಹೋಗಿತ್ತು. ಟಿವಿಯ ಸ್ಪೀಕರ್ ಎಂದಿನಂತೆ ಒದರುತ್ತಿತ್ತು. ಬೇಸ್ ಇದ್ದದ್ದು ನನ್ನ ತಲೆಯೊಳಗೆ.

ಮಗಳು ವೈರ್ ಬದಲಿಸಿದಳು. ಮೆನುವಿಗೆ ಹೋಗಿ ಸೌಂಡ್ ಔಟ್‌ಪುಟ್ ಬದಲಿಸಿದಳು. "ಇದು ಯಾಕೆ ಮಿಣುಕ್ತಿದೆ?" ಎನ್ನುತ್ತಾ ಸ್ಟೆಬಿಲೈಜರ್ ಹಿಂದಿನ ಒಂದು ಗುಂಡಿಯನ್ನು ಒತ್ತಿ ಹಿಡಿದಳು. ಇಷ್ಟು ದಿನದಿಂದ ಅದು ಮಿಣುಕುತ್ತಿದ್ದುದು ಜೊತೆಗಾರ ಸೌಂಡ್‌ಬಾರನ್ನು ಹುಡುಕುತ್ತಾ. ಈಗ ದೀಪ ನಿಂತು ಉರಿಯಿತು. ಕೇಳಿಸುತ್ತಿಲ್ಲ ಅಂತ ನಾನು ವಾಲ್ಯೂಮ್ ಏರಿಸುತ್ತಲೇ ಹೋಗಿದ್ದೆ. ಅದನ್ನು ಇಳಿಸುವುದು ಯಾರಿಗೂ ನೆನಪಾಗಲಿಲ್ಲ. ಪರದೆಯ ಮೇಲೆ ಮೋಡ ಕವಿದಿತ್ತು. ಒಂದು ಗುಡುಗು ಬಂತು ನೋಡಿ!

ಕಿಟಕಿ ಗಾಜು ಗಡಗಡ ಅಂದಿತು. ಹೂಕುಂಡ ಪುಟ್ಟ ಹೆಜ್ಜೆ ಇಡುತ್ತಾ ಪೆಟ್ಟಿಗೆಯ ಅಂಚಿಗೆ ನಡೆದು ಬಂತು. ಹಿಡಿಯಲು ನಾನು ಮುಂದೆ ಹೋದೆ. ಈ ಸಲ ಬೇಸ್ ಎದೆಗಲ್ಲ, ಕಾಲಿಗೆ ಬಡಿಯಿತು.

ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಾಗ ಭಾವಮೈದುನ ಫೋನ್ ಮಾಡಿದ. ಎಲ್ಲಾ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಿಧಾನವಾಗಿ, "ನಿಜ ಹೇಳ್ಲಾ ಭಾವ? ಅವತ್ತು ನೀವು ಕೇಳು ಕೇಳು ಅಂದಾಗ, ನನ್ನ ಕಿವಿಯಲ್ಲೇ ಏನೋ ತೊಂದರೆ ಇದೆ ಅಂದ್ಕೊಂಡೆ. ನಾಳೆ ಡಾಕ್ಟರ್ ಹತ್ರ ಹೋಗೋದಿತ್ತು" ಎಂದ.