ಖಾಲಿ ಜಾಗವನ್ನು ಖಾಲಿಯಾಗಿಯೇ ಇರೋಕೆ ಬಿಡಿ

ಮಧ್ಯಾಹ್ನದಿಂದ ಮನಸ್ಸು ಕುದೀತಾ ಇದೆ. ಬರೆದು ಹಾಕದಿದ್ದರೆ ಇವತ್ತು ನಿದ್ದೆ ಬರಲ್ಲ.

ನಮ್ಮ ಮನೆಯವರ ಅಕ್ಕ ಊಟಕ್ಕೆ ಬಂದಿದ್ದರು. ಹಾಲ್‌ಗೆ ಕಾಲಿಟ್ಟವರೇ ಸುತ್ತ ಕಣ್ಣಾಡಿಸಿ, "ಏನೇ ಇದು, ಮನೆ ಬಿಡ್ತಿದ್ದೀರಾ?" ಅಂದರು. ಷೋಕೇಸ್ ಹೋಗಿದೆ, ದೊಡ್ಡ ಸೋಫಾ ಹೋಗಿದೆ, ಅದರ ಪಕ್ಕದಲ್ಲಿ ಯಾವಾಗಲೂ ಮಂಡಿಗೆ ತಾಗುತ್ತಿದ್ದ ಗಾಜಿನ ಟೀಪಾಯಿ ಹೋಗಿದೆ. ಇಲ್ಲ ಅತ್ತಿಗೆ, ಬೇಡದ್ದನ್ನೆಲ್ಲ ತೆಗೀತಿದ್ದೀವಿ ಅಂದೆ. ಅವರ ಮುಖ ಅರಳಿತು. "ಒಳ್ಳೇದಾಯ್ತು ಬಿಡು. ಸಾಲಾನೂ ತೀರ್ತು, ಜಾಗಾನೂ ಆಯ್ತು. ಈಗ ಒಂದು ಎಲ್ ಶೇಪ್ ಸೋಫಾ ತಗೊಳ್ಳಿ, ಆ ಗೋಡೆಗೆ ದೊಡ್ಡ ಟಿವಿ ಹಾಕಿಸಿ. ಎಲ್ಲಾ ಕಂತಲ್ಲೇ ಕೊಡ್ತಾರೆ" ಅಂದರು. ಇನ್ನೂ ಬಡಿಸೋಕೆ ಶುರು ಮಾಡಿರಲಿಲ್ಲ, ಫೋನ್ ಬಂತು. ಯಾವ ಬ್ಯಾಂಕಿಗೆ ಮೊನ್ನೆ ಮೊನ್ನೆ ಕೊನೇ ಕಂತು ಕಟ್ಟಿ ಕೈ ಮುಗಿದು ಬಂದಿದ್ವೋ ಅದೇ ಬ್ಯಾಂಕಿನಿಂದ. "ಮೇಡಂ, ನಿಮ್ಮ ಲೋನ್ ಕ್ಲೋಸ್ ಆಗಿದೆಯಲ್ಲ, ಟ್ರ್ಯಾಕ್ ರೆಕಾರ್ಡ್ ತುಂಬಾ ಚೆನ್ನಾಗಿದೆ, ಈಗ ನಿಮ್ಮ ಎಲಿಜಿಬಿಲಿಟಿ ಜಾಸ್ತಿ ಆಗಿದೆ."

ಅತ್ತಿಗೆಯೂ ಬ್ಯಾಂಕಿನವರೂ ಹೇಳಿದ್ದು ಒಂದೇ ಮಾತು. ಜಾಗ ಆಗಿದೆ, ತುಂಬಿಸಿ.

ನನಗೆ ತಡೆಯೋಕಾಗದೆ ಹೋದದ್ದು ಇದೇ. ಮನುಷ್ಯರಿಗೆ ಎಲ್ಲಾದರೂ ಸ್ವಲ್ಪ ಖಾಲಿ ಕಂಡರೆ ಸಾಕು, 'ಬಾಡಿಗೆಗೆ ಇದೆ' ಅಂತ ಬೋರ್ಡು ನೇತುಹಾಕಿದ ಮನೆ ನೋಡಿದ ಹಾಗೆ ಒಳಗೆ ಇಣುಕುತ್ತಾರೆ. ಸಂಬಳದಲ್ಲಿ ಕಂತು ಹೋಗಿ ಉಳಿಯುವ ದುಡ್ಡು ಖಾಲಿ ಜಾಗ. ಹಾಲ್‌ನ ಮೂಲೆ ಖಾಲಿ ಜಾಗ. ಅದು ಖಾಲಿ ಇರಲಿ ಅಂತಲೇ ನಾವು ಇಷ್ಟು ವರ್ಷ ಒದ್ದಾಡಿದ್ದು ಅಂತ ಯಾಕೆ ಒಬ್ಬರಿಗೂ ಅನ್ನಿಸಲ್ಲ?

ಲಗ್ನಪತ್ರಿಕೆ ಮುದ್ರಿಸುವ ನಮ್ಮ ಪ್ರೆಸ್ಸಿನ ಕಥೆ ಇಲ್ಲಿರುವ ಹಲವರಿಗೆ ಗೊತ್ತು. ಮದುವೆ ಸೀಸನ್ನಿಗೆ ಅಂತ ಹೊಸ ಮೆಷಿನ್ನಿಗೆ ಮನೆ ಪತ್ರ ಅಡ ಇಟ್ಟು ಸಾಲ ತೆಗೆದದ್ದು, 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದದ್ದು. ಆಗ ರಿಸರ್ವ್ ಬ್ಯಾಂಕ್ ಆಗಸ್ಟ್ 31ರವರೆಗೆ ಆರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಿತು. ಮುಂದಕ್ಕೆ ಹೋದದ್ದು ಕಂತು, ಬಡ್ಡಿ ಅಲ್ಲ. ಬಡ್ಡಿ ತನ್ನ ಪಾಡಿಗೆ ಬೆಳೀತಾ ಇತ್ತು. ಆಮೇಲೆ ಸರ್ಕಾರ 2 ಕೋಟಿವರೆಗಿನ ಸಾಲಗಳಿಗೆ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ವಾಪಸ್ ಕೊಟ್ಟಿತು, ನಿಜ. ನಮ್ಮ ಖಾತೆಗೆ ಬಂದ ಮೊತ್ತದಲ್ಲಿ ಒಂದು ತಿಂಗಳ ದಿನಸಿಯೂ ಬರುತ್ತಿರಲಿಲ್ಲ. ನಾನು ಪಾಠ ಮಾಡುವ ಶಾಲೆಯಲ್ಲಿ ಅರ್ಧ ಸಂಬಳ. ಎರಡನೇ ಅಲೆಯಲ್ಲಿ ಮಾವನವರ ಆಸ್ಪತ್ರೆ ಬಿಲ್ಲು ಕ್ರೆಡಿಟ್ ಕಾರ್ಡಿಗೆ ಹೋಯಿತು, ಅದನ್ನು ತೀರಿಸೋಕೆ ನನ್ನ ಒಡವೆ ಗಿರವಿಗೆ ಹೋಯಿತು.

ಕಾರ್ಡಿನ ಲೆಕ್ಕ ಒಂದು ಸಲ ಕೂತು ಹಾಕಿ ನೋಡಿ, ದಯವಿಟ್ಟು. ತಿಂಗಳಿಗೆ ಶೇ. 3.5 ಅಂದರೆ ಕೇಳೋಕೆ ಏನೂ ಅನ್ನಿಸಲ್ಲ. ಅದು ವರ್ಷಕ್ಕೆ ಶೇ. 42. ಒಂದು ಲಕ್ಷ ಬಾಕಿ ಇದ್ದರೆ ತಿಂಗಳ ಬಡ್ಡಿ 3,500 ರೂಪಾಯಿ, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಅಂತ ಇನ್ನೊಂದು 630. ಐದು ಸಾವಿರ ಕಟ್ಟಿ ನಿಟ್ಟುಸಿರು ಬಿಟ್ಟರೆ ಅದರಲ್ಲಿ ಅಸಲಿಗೆ ಹೋದದ್ದು 870 ರೂಪಾಯಿ. ಇಷ್ಟನ್ನು ಬಲ್ಲವಳಿಗೆ 'ಕಂತಲ್ಲೇ ಕೊಡ್ತಾರೆ' ಅಂತ ಹೇಳಿದರೆ ಹೊಟ್ಟೆ ಉರಿಯದೆ ಇರುತ್ತಾ? 'ನೋ ಕಾಸ್ಟ್ ಇಎಂಐ' ಅಂತ ಅಂಗಡಿಯ ಮುಂದೆ ಅಷ್ಟೆತ್ತರ ಬರೆದಿರುತ್ತಾರೆ. ಶೂನ್ಯ ಬಡ್ಡಿ ಅನ್ನೋದು ಎಲ್ಲೂ ಇಲ್ಲ, ಆ ಬಡ್ಡಿಯನ್ನು ಪ್ರೋಸೆಸಿಂಗ್ ಫೀ ಹೆಸರಲ್ಲಿ ಗಿರಾಕಿಯಿಂದಲೇ ವಸೂಲು ಮಾಡ್ತಾರೆ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಪೂರ್ತಿ ದುಡ್ಡು ಕೈಯಲ್ಲಿ ಹಿಡಿದು ಹೋಗಿ ಕೇಳಿ, ಬೆಲೆ ಎಷ್ಟು ಇಳಿಯುತ್ತೆ ನೋಡಿ.

ಈಗ ಮನೆ ಖಾಲಿ ಮಾಡುವ ವಿಷಯ. ಇದನ್ನು ಯಾರೂ ಸರಿಯಾಗಿ ಅರ್ಥ ಮಾಡಿಕೊಳ್ಳುತ್ತಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ಸಾಲ ಇರುವ ಮನೆಯಲ್ಲಿ ಸಾಮಾನು ಕಡಿಮೆ ಇರುತ್ತೆ ಅಂತ ಜನ ಅಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಆದದ್ದು ಅದರ ಉಲ್ಟಾ. ಸಾಲ ಇದ್ದಷ್ಟು ಕಾಲ ಒಂದು ವಸ್ತುವನ್ನೂ ಬಿಸಾಡೋಕೆ ಧೈರ್ಯ ಬರಲಿಲ್ಲ. ನಾಳೆ ಬೇಕಾದರೆ? ಕೊಳ್ಳೋಕೆ ದುಡ್ಡೆಲ್ಲಿದೆ? ಅಟ್ಟದಿಂದ ಇಳಿಸಿದ ಒಂದು ಗೋಣಿಚೀಲದಲ್ಲಿ ಬರೀ ಮಿಕ್ಸಿ ಜಾರುಗಳಿದ್ದವು. ಒಂದರ ಬುಶ್ ಸವೆದು ತಳ ಸೋರುತ್ತಿತ್ತು, ಒಂದಕ್ಕೆ ಹಿಡಿ ಇಲ್ಲ, ಒಂದಕ್ಕೆ ಮುಚ್ಚಳ ಇಲ್ಲ. ಆ ಜಾರುಗಳು ಕೂರುವ ಮಿಕ್ಸಿ ಸುಟ್ಟುಹೋಗಿ ಯಾವ ಕಾಲವಾಯ್ತೋ. ಅದರ ಕೆಳಗೆ ಕುಕ್ಕರಿನ ಹಳೇ ಗ್ಯಾಸ್ಕೆಟ್ಟುಗಳು, ಕಿವಿ ಕಿತ್ತ ಬಕೆಟ್ಟು, ಮಗಳು ಎರಡನೇ ಕ್ಲಾಸಲ್ಲಿ ಹಾಕುತ್ತಿದ್ದ ಶೂ. ಅವಳು ಈಗ ಡಿಗ್ರಿ ಓದ್ತಿದ್ದಾಳೆ. ಪ್ರತಿಯೊಂದನ್ನೂ ಅಟ್ಟಕ್ಕೆ ಏರಿಸಿದ್ದು ನನ್ನ ಭಯ. ಆ ಭಯ ಹೋದ ಮೇಲೆ ಕೆಳಗಿಳಿಸೋಕೆ ಕೈ ಬಂತು. ಹೊಸದಕ್ಕೆ ಜಾಗ ಮಾಡೋಕೆ ಅಲ್ಲ. ಇನ್ನು ಹೀಗೆ ಹೆದರಿಕೊಂಡು ಕೂಡಿಡಬೇಕಾಗಿಲ್ಲ ಅನ್ನೋದು ನನಗೇ ಕಾಣಬೇಕಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಲಗ್ನಪತ್ರಿಕೆ ಸ್ಯಾಂಪಲ್ ಆಲ್ಬಂಗಳು. ನಮ್ಮ ಮನೆಯವರು ಇಡೀ ಭಾನುವಾರ ನೆಲದ ಮೇಲೆ ಕೂತು ಒಂದೊಂದನ್ನೂ ಬೆರಳಲ್ಲಿ ಸವರಿ ನೋಡಿದರು. ಇದು ಸ್ಕ್ರೀನ್ ಪ್ರಿಂಟು, ಇದು ಗೋಲ್ಡ್ ಫಾಯಿಲು, ಈ ಕಾರ್ಡು ಈಗ ಸಿಗಲ್ಲ ಅಂತ ಮಗಳಿಗೆ ಹೇಳ್ತಾ ಇದ್ದರು. ಕೊನೆಗೆ ಒಂದು ಕಟ್ಟು ಸಿಕ್ಕಿತು. 2020ರ ಏಪ್ರಿಲ್ ಕೊನೆಯ ಮುಹೂರ್ತ, ಛತ್ರದ ವಿಳಾಸ, 'ಸುಖಾಗಮನ ಬಯಸುವವರು' ಅಂತ ಎರಡೂ ಕಡೆಯವರ ಹೆಸರು. ಪ್ರಿಂಟಾಗಿತ್ತು, ತಗೊಂಡು ಹೋಗೋಕೆ ಯಾರೂ ಬರಲಿಲ್ಲ. ಎಷ್ಟೋ ವರ್ಷದಿಂದ ದಾರ ಕೂಡ ಬಿಚ್ಚಿರಲಿಲ್ಲ. ಗುಜರಿಗೆ ಹಾಕೋಣ ಅಂದರೆ ಮೇಲೆ ಗಣಪತಿ ಇದ್ದಾನೆ, ಹಾಗೇ ಹಾಕೋಕೆ ಮನಸ್ಸಾಗಲ್ಲ. ಸ್ಕೇಲು ಬ್ಲೇಡು ಹಿಡಿದು ಅಷ್ಟೂ ಪತ್ರಿಕೆಗಳಿಂದ ದೇವರ ಚಿತ್ರ ಕತ್ತರಿಸಿ ಬೇರೆ ಇಟ್ಟು, ಆಮೇಲೆ ಉಳಿದದ್ದನ್ನು ತೂಕಕ್ಕೆ ಹಾಕಿದ್ವಿ. ಇಷ್ಟು ಮಾಡಿ ಖಾಲಿ ಮಾಡಿದ ಮೂಲೆ ಅದು. ಅಲ್ಲಿ ಸೋಫಾ ಹಾಕಿ ಅಂತೀರಲ್ಲ ಅತ್ತಿಗೆ, ಹೇಗೆ ಮನಸ್ಸು ಬರುತ್ತೆ?

ಅವರು ಆ ಮಾತು ಹೇಳುವಾಗ ಅವರ ತಾಯಿ, ಅಂದರೆ ನಮ್ಮ ಅತ್ತೆ, ವಾಕರ್ ಹಿಡಿದು ಅಡುಗೆಮನೆ ಬಾಗಿಲಿಂದ ಹೊರಬಾಗಿಲವರೆಗೆ ಒಬ್ಬರೇ ನಡೆದುಹೋದರು. ಮುಂಚೆ ಷೋಕೇಸಿಗೂ ಟೀಪಾಯಿಗೂ ಮಧ್ಯೆ ವಾಕರ್ ತೂರುತ್ತಿರಲಿಲ್ಲ, ಯಾರಾದರೂ ಕೈ ಹಿಡಿಯಬೇಕಿತ್ತು. ಮಗಳಾದವರು ಅದನ್ನು ಗಮನಿಸಬಾರದಿತ್ತಾ?

ಮುಯ್ಯಿ ಪಾತ್ರೆಗಳ ಬಗ್ಗೆಯೂ ಒಂದು ಮಾತು. ಮದುವೆ, ಗೃಹಪ್ರವೇಶ, ನಾಮಕರಣದಲ್ಲಿ ಬಂದ ಸ್ಟೀಲ್ ಡಬ್ಬಿ, ಚೊಂಬು, ತಟ್ಟೆ. ಕೆಲವು ಇನ್ನೂ ಬಣ್ಣದ ಕಾಗದದಲ್ಲೇ ಇದ್ದವು. ಅವನ್ನೆಲ್ಲ ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿದೆ. ಯಾರದಾದರೂ ಹೆಸರು ಹಾಕಿಸಿದ್ದ ಪಾತ್ರೆ ಹೋಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪ್ರೀತಿ ಪಾತ್ರೆಯಲ್ಲಿಲ್ಲ. ಪಟ್ಟದ ಗೊಂಬೆಗಳ ಟ್ರಂಕು, ಅಜ್ಜಿಯ ಹಿತ್ತಾಳೆ ಕೊಳದಪ್ಪಲೆ ಮಾತ್ರ ಎಲ್ಲಿಗೂ ಹೋಗಲ್ಲ.

ಸಾಲ ತೀರಿದರೂ ಯಾಕೆ ಇನ್ನೂ ಬಿಗಿಯಾಗಿ ಬದುಕ್ತೀರಿ ಅಂತ ಕೇಳೋರು ಬೇರೆ. ಈ ಪ್ರಶ್ನೆಯ ಒಳಗೇ ಒಂದು ತಪ್ಪು ತಿಳಿವಳಿಕೆ ಇದೆ, ನಾವು ಶಿಕ್ಷೆ ಅನುಭವಿಸಿ ಬಿಡುಗಡೆಯಾಗಿ ಬಂದಿದ್ದೀವಿ ಅಂತ. ನನಗೆ ಈ ಬದುಕು ಇಷ್ಟವಾಗಿದೆ. ಸಿಲಿಂಡರ್ ಹಾಕಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕೋದು ಇಷ್ಟ. ಬೇಳೆ ನೆನೆಸಿಟ್ಟು ಬೇಯಿಸಿದರೆ ಅದು ಎಷ್ಟು ದಿನ ಮುಂದೆ ಹೋಗುತ್ತೆ ಅಂತ ನೋಡೋದು ಇಷ್ಟ. ಸಂಜೆ ಕತ್ತಲಾಗುವ ಹೊತ್ತಿಗೆ ದೇವರಾಜ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತರೋದು, ಸಿಟಿ ಬಸ್ಸಲ್ಲಿ ಆಧಾರ್ ತೋರಿಸಿ ಶಕ್ತಿ ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂತು ಬರೋದು ಇಷ್ಟ. ಇದರಲ್ಲಿ ನಾನು ಏನನ್ನೂ ಕಳಕೊಂಡಿಲ್ಲ. ಮಗಳಿಗೆ ಓದೋಕೆ ಲ್ಯಾಪ್‌ಟಾಪ್ ಬೇಕಾಯ್ತು, ತಗೊಂಡ್ವಿ, ಪೂರ್ತಿ ದುಡ್ಡು ಕೊಟ್ಟು. ಅವತ್ತು ಅಂಗಡಿಯಿಂದ ಹೊರಗೆ ಬರುವಾಗ ನಮ್ಮ ಮನೆಯವರ ನಡಿಗೆಯೇ ಬೇರೆ ಇತ್ತು.

ಇನ್ನೊಂದು ವಿಷಯ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ನನಗೆ ಇವತ್ತಿಗೂ ಅಂಗೈ ಬೆವರುತ್ತೆ. ವಸೂಲಿಯವರು ಶಾಲೆಯ ಆಫೀಸಿಗೆ ಫೋನ್ ಮಾಡಿದ್ದ ದಿನ ನಾನು ಸ್ಟಾಫ್ ರೂಮಿನಲ್ಲಿ ಪುಸ್ತಕ ತಿದ್ದುತ್ತಾ ತಲೆ ಎತ್ತದೆ ಕೂತಿದ್ದೆ. ಅತ್ತಿಗೆಗೆ ಇದು ಗೊತ್ತಿಲ್ಲ. ಗೊತ್ತಿದ್ದಿದ್ದರೆ ಕಂತಿನ ಮಾತು ಆಡುತ್ತಿರಲಿಲ್ಲ, ಅವರು ಒಳ್ಳೆಯವರೇ.

ಅತ್ತಿಗೆ ಮಗ ಜೊತೆಗೆ ಬಂದಿದ್ದ, ಬೆಂಗಳೂರಿನಲ್ಲಿ ಕೆಲಸ. ಅವನು ಕೇಳಿದ: "ಅತ್ತೆ, ಎಲ್ಲರೂ ನಿಮ್ಮ ಥರ ಆದ್ರೆ ವ್ಯಾಪಾರ ಹೇಗೆ ನಡೆಯುತ್ತೆ? ಮಾವನ ಪ್ರೆಸ್ ನಡೆದಿದ್ದೂ ಜನ ಖರ್ಚು ಮಾಡಿದ್ದರಿಂದ ತಾನೆ?" ಪ್ರಶ್ನೆ ಚೆನ್ನಾಗಿದೆ. ಆದರೆ ನಾವೇನು ದುಡ್ಡನ್ನು ಹೂತಿಟ್ಟಿದ್ದೀವಾ? ಈ ವರ್ಷ ಹತ್ತಿ ಹಿಂಜಿಸಿ ಎರಡು ಹಾಸಿಗೆ ಹೊಲಿಸಿದೆ. ಗ್ರೈಂಡರಿಗೆ ಹೊಸ ಬೆಲ್ಟ್ ಹಾಕಿಸಿದೆ. ಚಪ್ಪಲಿಗೆ ಅಟ್ಟೆ ಹಾಕಿಸಿದೆ, ಹಳೇ ರೇಷ್ಮೆ ಸೀರೆಗೆ ಫಾಲ್ಸ್ ಬದಲಾಯಿಸಿದೆ. ಆ ದುಡ್ಡು ನಮ್ಮ ಬೀದಿಯಲ್ಲೇ ನಾಲ್ಕು ಮನೆಗೆ ಹೋಯಿತು. ಎಲ್ ಶೇಪ್ ಸೋಫಾದ ಕಂತಿನಿಂದ ಬಡ್ಡಿ ಕಡೆಗೆ ಹರಿದರೆ ಮಾತ್ರ ಅದು ವ್ಯಾಪಾರವಾ? ಪ್ರೆಸ್ಸಿಗೆ ಬರುತ್ತಿದ್ದ ಗಿರಾಕಿಗಳಲ್ಲೂ ಕೈಯಲ್ಲಿದ್ದಷ್ಟಕ್ಕೆ ಪತ್ರಿಕೆ ಮಾಡಿಸಿದವರ ಬಿಲ್ಲು ಚುಕ್ತಾ ಆಗುತ್ತಿತ್ತು. ಸಾಲ ಮಾಡಿ ಮದುವೆ ಮಾಡಿದವರ ಬಾಕಿ ನಮ್ಮ ಪುಸ್ತಕದಲ್ಲಿ ಇನ್ನೂ ಹಾಗೇ ಇದೆ.

ಒಂದು ವಿಷಯ ಸ್ಪಷ್ಟ ಮಾಡಿಬಿಡ್ತೀನಿ. ನಾನು ಹೇಳ್ತಿರೋದು ತಿಂಗಳ ಸಂಬಳ ಕಾಣುವ ನಮ್ಮಂಥವರಿಗೆ. 2025ರ ಶುರುವಿನಲ್ಲಿ ನಮ್ಮ ಮೈಸೂರು, ಚಾಮರಾಜನಗರದ ಹಳ್ಳಿಗಳಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಗೆ ಹೆದರಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದನ್ನು ನಾವೆಲ್ಲ ನೋಡಿದ್ದೀವಿ. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು ಅಂತ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಅವರ ಮನೆಗಳಲ್ಲಿ ಖಾಲಿ ಮಾಡೋಕೆ ಏನಿತ್ತು? ಅವರ ಮುಂದೆ ನಿಂತು ಮಿತವಾಗಿ ಬದುಕಿ ಅಂತ ಹೇಳೋದು ಕ್ರೌರ್ಯ. ಆಯ್ಕೆ ಇರುವ ನಾವು, ಅದೂ ಒಂದು ಸಲ ಉಸಿರುಕಟ್ಟಿ ಹೊರಬಂದ ನಾವು, ಮತ್ತೆ ಹೋಗಿ ಸಾಲಕ್ಕೆ ಸಹಿ ಹಾಕಬೇಕಾ ಅನ್ನೋದಷ್ಟೇ ನನ್ನ ಪ್ರಶ್ನೆ.

ಈಗಷ್ಟೇ ಸಾಲ ತೀರಿಸಿದವರು ಇದ್ದರೆ, ಸೋಫಾ ನೋಡೋಕೆ ಹೋಗುವ ಮುಂಚೆ ಈ ಕೆಲಸ ಮುಗಿಸಿ. ನೋ ಡ್ಯೂ ಸರ್ಟಿಫಿಕೇಟ್ ಕೈಗೆ ತಗೊಳ್ಳಿ. ಮೂಲ ಪತ್ರಗಳನ್ನು ಕೇಳಿ. ಪೂರ್ತಿ ತೀರಿಸಿದ 30 ದಿನದೊಳಗೆ ಕೊಡಬೇಕು, ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ನಮ್ಮನ್ನೂ 'ಫೈಲು ಹೆಡ್ ಆಫೀಸಲ್ಲಿದೆ, ಬರುತ್ತೆ' ಅಂತ ಓಡಾಡಿಸಿದರು. ಆ ನಿಯಮ ಬರೆದು ಪತ್ರ ಕೊಟ್ಟ ಮೇಲೆ ಫೈಲು ಬೇಗನೆ ಬಂತು. ಆಮೇಲೆ ಇ.ಸಿ., ಅಂದರೆ ಆಸ್ತಿಯ ಋಣಭಾರ ಪತ್ರ ತೆಗೆಸಿ, ಅದರಲ್ಲಿ ಬ್ಯಾಂಕಿನ ಅಡಮಾನ ಇನ್ನೂ ಹಾಗೇ ಕಾಣುತ್ತಿದ್ದರೆ ಅದನ್ನು ತೆಗೆಸುವವರೆಗೂ ಬಿಡಬೇಡಿ. ವಾಹನ ಸಾಲವಾದರೆ ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ಕ್ರೆಡಿಟ್ ರಿಪೋರ್ಟ್ ವರ್ಷಕ್ಕೆ ಒಂದು ಸಲ ಉಚಿತ. ಅದರಲ್ಲಿ 'ಕ್ಲೋಸ್ಡ್' ಅಂತ ಇರಬೇಕು, 'ಸೆಟಲ್ಡ್' ಅಂತ ಇದ್ದರೆ ಪೂರ್ತಿ ಕಟ್ಟಿಲ್ಲ ಅಂತ ಅರ್ಥ, ಕೂಡಲೇ ಸರಿ ಮಾಡಿಸಿ.

ಬ್ಯಾಂಕಿನ ಆ ಹುಡುಗಿಗೆ ನಾನು ಜೋರು ಮಾಡಲಿಲ್ಲ, ಪಾಪ, ಅವಳಿಗೂ ಟಾರ್ಗೆಟ್ ಇರುತ್ತೆ. ಬೇಡಮ್ಮ, ಇನ್ನು ಮೇಲೆ ಮಾಡಬೇಡ ಅಂದೆ. ಅತ್ತಿಗೆಗೆ ಮಾತ್ರ ಎದುರು ಹೇಳೋಕಾಗದೆ ಇಲ್ಲಿ ಬರೀತಿದ್ದೀನಿ. ಓದ್ತೀರಿ ಅಂತ ಗೊತ್ತು ಅತ್ತಿಗೆ. ಬೇಜಾರು ಮಾಡಿಕೊಳ್ಳಬೇಡಿ, ಹಬ್ಬಕ್ಕೆ ಬನ್ನಿ, ಚಾಪೆ ಹಾಸಿ ಕೂತು ಊಟ ಮಾಡೋಣ. ಸೋಫಾ ಬರಲ್ಲ.

ಮೈಸೂರಿನಲ್ಲಿರುವ ಸ್ನೇಹಿತರಿಗೆ: ಪ್ರೆಸ್ಸಿನ ಆರ್ಟ್ ಕಾರ್ಡು, ಬಣ್ಣದ ಕಾಗದದ ಕಟ್ಟುಗಳು ಇನ್ನೂ ಒಂದಷ್ಟು ಉಳಿದಿವೆ, ಸ್ಯಾಂಪಲ್ ಆಲ್ಬಂ ಕೂಡ. ಚಿತ್ರ ಬರೆಯುವ ಮಕ್ಕಳಿದ್ದರೆ, ನಮ್ಮೂರಿನ ಚಿತ್ರಕಲಾ ಕಾಲೇಜು ಕಾವಾದಲ್ಲಿ ಓದುವವರಿದ್ದರೆ, ಅಂಗನವಾಡಿಗೆ ಬೇಕಿದ್ದರೆ ಇನ್‌ಬಾಕ್ಸಿನಲ್ಲಿ ಹೇಳಿ. ದುಡ್ಡು ಬೇಡ. ಬಳಸುವಷ್ಟು ಮಾತ್ರ ತಗೊಂಡು ಹೋಗಿ, ಇನ್ನೊಂದು ಅಟ್ಟಕ್ಕೆ ಏರಿಸೋಕೆ ಅಲ್ಲ.